ಮಂಗಳವಾರದ ಬೀದಿಯ ಜ್ವರ

ನಮ್ಮೂರಿಗೆ ಹೆಣ್ಣು ನೋಡಲು ಬರುವವರು ಜಾತಕಕ್ಕಿಂತ ಮೊದಲು ಕೇಳುವ ಪ್ರಶ್ನೆ ಒಂದೇ: ಹುಡುಗಿಯದು ಯಾವ ವಾರ? ಊರಿನಲ್ಲಿ ಏಳು ಬೀದಿ, ಬೀದಿಗೊಂದು ವಾರ. ಆ ವಾರ ಬೆಳಿಗ್ಗೆ ಒಂಬತ್ತರ ಆಸುಪಾಸಿಗೆ ಆ ಬೀದಿಯ ದೊಡ್ಡವರು ಚಿಕ್ಕವರಿಗೆಲ್ಲ ಜ್ವರ ಬರುತ್ತದೆ, ದೀಪ ಹಚ್ಚುವ ಹೊತ್ತಿಗೆ ಬಿಡುತ್ತದೆ. ನಮ್ಮದು ಬುಧವಾರದ ಬೀದಿ. ಕ್ಷೌರದಂಗಡಿಯವನದು ಶನಿವಾರದ ಬೀದಿಯಾದ್ದರಿಂದ ಊರಿನಲ್ಲಿ ಶನಿವಾರ ಯಾರೂ ಗಡ್ಡ ಕೆರೆಸುವುದಿಲ್ಲ. ಮದುವೆಯಾಗಿ ಬೇರೆ ಬೀದಿಗೆ ಹೋದ ಹೆಣ್ಣಿಗೆ ಹೊಸ ವಾರ ಮೈಗೂಡಲು ಮೂರು ತಿಂಗಳಾದರೂ ಬೇಕು, ಅಲ್ಲಿಯವರೆಗೆ ವಾರಕ್ಕೆ ಎರಡು ಜ್ವರ. ಎರಡು ಜ್ವರದ ಸೊಸೆಗೆ ಅತ್ತೆಯಾದವಳು ಕೆಲಸ ಹೇಳಬಾರದೆಂಬುದು ಕಟ್ಟಳೆ. ಹೀಗಾಗಿ ನಮ್ಮೂರಿನ ಸೊಸೆಯರು ಹೊಸ ವಾರ ಕಲಿಯುವುದರಲ್ಲಿ ಸ್ವಲ್ಪ ನಿಧಾನ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ನಮ್ಮಲ್ಲಿ ಮನೆಗಳನ್ನು ಜೋಡಿ ಜೋಡಿಯಾಗಿ ಕಟ್ಟುತ್ತಾರೆ. ಎರಡು ಮನೆಗೆ ನಡುವೆ ಒಂದೇ ಗೋಡೆ, ಗೋಡೆಯಲ್ಲೊಂದು ಕಿಂಡಿ. ಈ ಮನೆಯಲ್ಲಿ ಹುಳಿ ಕುದಿದರೆ ಒಂದು ಬಟ್ಟಲು ಕಿಂಡಿಯಿಂದ ಆಚೆಗೆ ಹೋಗುತ್ತದೆ, ಆ ಮನೆಯಲ್ಲಿ ರೊಟ್ಟಿ ತಟ್ಟಿದರೆ ಎರಡು ಈಚೆಗೆ ಬರುತ್ತವೆ. ಇದಕ್ಕೆ ಗೋಡೆಪಾಲು ಎನ್ನುತ್ತೇವೆ. ಯಾರೂ ಯೋಚನೆ ಮಾಡಿ ಕೊಡುವುದಿಲ್ಲ. ಕೈ ತಾನೇ ಹೋಗುತ್ತದೆ.

ಜ್ವರಕ್ಕೆ ಕಷಾಯ. ಊರ ನಡುವಿನ ಕಟ್ಟೆಯ ಮೇಲೆ ಕಲ್ಲಿನ ಒಲೆ, ಅದರ ಮೇಲೆ ತಾಮ್ರದ ಹಂಡೆ. ಅಮೃತಬಳ್ಳಿ, ಒಣಶುಂಠಿ, ಮೆಣಸು, ಇವುಗಳ ಜೊತೆಗೆ ಒಂದು ಬೇರು. ಆ ಬೇರು ಯಾವುದೆಂದು ಸೌಟು ಹಿಡಿದವರಿಗೆ ಮಾತ್ರ ಗೊತ್ತು. ಸೌಟು ಹಿಡಿದವಳು ನನ್ನ ಸೋದರತ್ತೆ ಪುಟ್ಟನಂಜಮ್ಮ. ಇಪ್ಪತ್ತೆರಡನೆಯ ವಯಸ್ಸಿಗೆ ಹಿಡಿದಳು, ಈಗ ಅರವತ್ತೊಂಬತ್ತು. ದಿನ ಬೆಳಗಾದರೆ ಯಾವುದೋ ಒಂದು ಬೀದಿಗೆ ಜ್ವರ ಇದ್ದೇ ಇರುವಾಗ ಸೌಟು ಹಿಡಿದವಳಿಗೆ ರಜೆ ಎಲ್ಲಿಂದ ಬರಬೇಕು? ನಮ್ಮಂತೆ ಅವಳದೂ ಬುಧವಾರ, ಆ ದಿನ ಬಂದರೂ ಕಂಬಳಿ ಹೊದ್ದುಕೊಂಡು ಒಲೆಯ ಮುಂದೆ ಕೂರಬೇಕು. ಊರು ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗುವಂತಿಲ್ಲ. ಅತ್ತೆಯ ಒಡಹುಟ್ಟಿದ ತಂಗಿಯನ್ನು ಹೊಳೆಯಾಚೆಯ ಊರಿಗೆ ಕೊಟ್ಟಿದ್ದಾರೆ. ತಂಗಿಯೇ ವರ್ಷಕ್ಕೊಮ್ಮೆ ಬಂದು ಹೋಗುತ್ತಾಳೆ. ಅವಳ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂಬುದೂ ಅತ್ತೆಗೆ ಗೊತ್ತಿಲ್ಲ.

ಸೌಟು ನಮ್ಮ ಮನೆತನದಲ್ಲಿ ಅತ್ತೆಯಿಂದ ಸೊಸೆಗೆ, ಅಂದರೆ ಅಣ್ಣನ ಮಗಳಿಗೆ ಬರುತ್ತದೆ. ಅಣ್ಣನ ಮಗಳು ನಾನು, ಸಿದ್ದಗಂಗಮ್ಮ. ಆ ವರ್ಷದ ಗೌರಿ ಹಬ್ಬದ ಮಾರನೆಯ ದಿನ ಅತ್ತೆ ಕೈ ನೀವಿಕೊಳ್ಳುತ್ತಾ, "ಗಂಗೂ, ನನ್ನ ರಟ್ಟೆ ಸೋತೋಯ್ತು ಕಣೆ. ಬರೋ ಸಂಕ್ರಾಂತಿಗೆ ನೀನು ಹಿಡ್ಕೊ" ಎಂದಳು. ನಾನು ಹೂಂ ಎಂದೆ. ಒಳಗೆ ಬಂದು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದ ಅರ್ಜಿಯನ್ನು ತೆಗೆದು ಮತ್ತೊಂದು ಸಲ ಓದಿದೆ.

ಅರ್ಜಿಯನ್ನು ನನಗೆ ತಂದುಕೊಟ್ಟವರು ನಮ್ಮ ಆಸ್ಪತ್ರೆಯ ಲವೀನಾ ಡಾಕ್ಟರು. ಕಡಲ ಕಡೆಯವರು, ನಮ್ಮೂರಿಗೆ ಬಂದು ಆರು ವರ್ಷ. ಗುರುವಾರದ ಬೀದಿಯಲ್ಲಿ ಮನೆ ಮಾಡಿದ್ದರಿಂದ ಅವರಿಗೂ ಗುರುವಾರದ ಜ್ವರ ಅಂಟಿತ್ತು. ನಾನು ಅವರ ಹತ್ತಿರ ಚೀಟಿ ಬರೆಯುವುದು, ಮಾತ್ರೆ ಎಣಿಸಿ ಕೊಡುವುದು ಮಾಡುತ್ತಿದ್ದೆ. ಅರ್ಜಿ ಇದ್ದದ್ದು ಇದಕ್ಕೆ: ಜನರ ಕಾಯಿಲೆ ಕಸಾಲೆಯ ಬಗ್ಗೆ ಪ್ರಶ್ನೆ ಹಾಕಿಕೊಂಡು ಉತ್ತರ ಹುಡುಕುವುದು ಹೇಗೆಂದು ಕಲಿಸುವ ಹತ್ತು ತಿಂಗಳ ತರಬೇತಿ, ದೂರದ ದೊಡ್ಡ ಆಸ್ಪತ್ರೆಯಲ್ಲಿ. ಅರ್ಜಿಯ ಕೊನೆಯಲ್ಲಿ ಒಂದು ಸಾಲಿತ್ತು: ನೀವಾಗಿಯೇ ಮಾಡಿದ ಒಂದು ಅಧ್ಯಯನವನ್ನು, ಅದರಲ್ಲಿ ಆದ ತಪ್ಪುಗಳ ಸಮೇತ ಬರೆಯಿರಿ. ನನಗೆ ಅಲ್ಲಿಗೆ ಹೋಗಬೇಕೆಂಬ ಆಸೆ ಎಷ್ಟಿತ್ತೆಂದರೆ, ಚೀಟಿ ಬರೆಯುವಾಗ ಪೆನ್ನು ತಾನಾಗಿ ಆ ಅರ್ಜಿಯ ಮೇಲಿದ್ದ ವಿಳಾಸವನ್ನೇ ಗೀಚುತ್ತಿತ್ತು.

"ಪ್ರಶ್ನೆ ಎಂತ ನಿಂದು?" ಎಂದರು ಡಾಕ್ಟರು.

"ಅತ್ತೆ ಕಷಾಯ ಒಳ್ಳೇದಾ ಇಲ್ವಾ ಅಂತ."

"ಒಳ್ಳೇದು ಅಂದ್ರೆ ಎಂತ ಮಾರಾಯ್ತಿ? ರುಚಿಗಾ, ಹೊಟ್ಟೆಗಾ, ಜ್ವರಕ್ಕಾ? ಅಳೀಲಿಕ್ಕೆ ಆಗುವ ಹಾಗೆ ಕೇಳು. ಹೋಗು, ನಾಳೆ ಬಾ."

ಹೀಗೆ ಮೂರು ದಿನ ಓಡಾಡಿಸಿದರು. ನಾಲ್ಕನೆಯ ದಿನಕ್ಕೆ ನನ್ನ ಪ್ರಶ್ನೆ ಟೊಂಕ ಕಟ್ಟಿ ನಿಂತಿತು: ಕಷಾಯ ಕುಡಿದವರಿಗೆ, ಕುಡಿಯದವರಿಗಿಂತ ಜ್ವರ ಬೇಗ ಬಿಡುತ್ತದೆಯೇ? ಬೀದಿಯಲ್ಲಿ ಯಾರನ್ನು ಕೇಳಿದರೂ "ಕುಡಿದ್ವಿ, ಬಿಡ್ತು" ಎನ್ನುತ್ತಿದ್ದರು. ಕುಡಿಯದೆ ಇದ್ದವರನ್ನು ನೋಡಿದ್ದೀರಾ ಎಂದರೆ ಒಬ್ಬರೂ ಇಲ್ಲ. ಊರು ಹುಟ್ಟಿದಾಗಿನಿಂದ ಒಬ್ಬರೂ ಕುಡಿಯದೆ ಇರಲಿಲ್ಲ. ಇದು ನನಗೆ ಅದುವರೆಗೆ ಹೊಳೆದಿರಲೇ ಇಲ್ಲ, ನೋಡಿ.

ಕಷಾಯದಿಂದ ಜ್ವರ ಬಿಡುವುದು ನಿಜವಾದರೆ ಸೌಟು ಹಿಡಿಯದೆ ಗತಿಯಿಲ್ಲ, ಒಂದು ಊರಿನ ಜ್ವರವನ್ನು ಬಿಟ್ಟು ನಾನು ಹೋಗುವುದು ಹೇಗೆ? ಸುಳ್ಳಾದರೆ ನಾನು ಬಸ್ಸು ಹತ್ತಬಹುದು. ಸುಳ್ಳಾಗಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಹಾಗೆ ಬೇಡಿಕೊಳ್ಳುತ್ತಲೇ ಅತ್ತೆಯ ಮುಂದೆ ನಿಂತು ಅಪ್ಪಣೆ ಕೇಳಿದೆ. ಸೌಟಿನಲ್ಲೇ ಬಾರಿಸುತ್ತಾಳೆ ಅಂದುಕೊಂಡಿದ್ದೆ. ಅತ್ತೆ ಒಲೆಗೆ ಒಂದು ಸೌದೆ ನೂಕಿ, "ನೋಡು. ಚೆನ್ನಾಗಿ ನೋಡು. ನನ್ನ ಮುಖ ನೋಡ್ಕೊಂಡು ಉತ್ರ ಹೇಳ್ಬೇಡ, ಅಷ್ಟೆ" ಎಂದಳು. ಇಷ್ಟು ಸಲೀಸಾಗಿ ಯಾಕೆ ಒಪ್ಪಿದಳೆಂದು ಆಗ ತಿಳಿಯಲಿಲ್ಲ.

ಮೊದಲನೆಯ ಸಲ ನಾನು ಡಾಕ್ಟರನ್ನು ಕೇಳದೆ ನಾನೇ ಜಾಣೆ ಎಂದುಕೊಂಡು ಮಾಡಿದೆ. ಬುಧವಾರ ನಾನೇ ಮಲಗಿರುತ್ತೇನಾದ್ದರಿಂದ ಮಂಗಳವಾರದ ಬೀದಿಯನ್ನು ಆರಿಸಿಕೊಂಡೆ. ಮನೆಮನೆಗೆ ಹೋಗಿ ಒಪ್ಪಿಗೆ ಕೇಳಿದೆ. ಬೀದಿಯಲ್ಲಿ ಒಂದು ಮನೆ ಬಿಟ್ಟು ಒಂದು ಮನೆಗೆ ಕಷಾಯ, ಉಳಿದವಕ್ಕೆ ಇಲ್ಲ. ಎಷ್ಟು ಸುಲಭ! ಸಂಜೆ ಐದರಿಂದ ಕಾಲು ಕಾಲು ಗಂಟೆಗೆ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದೆ. ಒಬ್ಬೊಬ್ಬರನ್ನೇ ನೋಡುತ್ತಾ ಹೋದರೆ ಬೀದಿ ಮುಗಿಯುವುದಿಲ್ಲವೆಂದು ಆಸ್ಪತ್ರೆಯ ಡಬ್ಬಿಯಲ್ಲಿದ್ದ ಅಷ್ಟೂ ಥರ್ಮಾಮೀಟರ್ ತಂದು, ಮನೆಗೊಬ್ಬರನ್ನು ಜಗಲಿಯ ಮೇಲೆ ಕೂರಿಸಿ, ಎಲ್ಲರ ಬಾಯಿಗೂ ಒಟ್ಟಿಗೇ ಇಡುತ್ತಿದ್ದೆ. ಬಾಯಿ ಮುಚ್ಚದ ಜನವೆಂದು ಹೆಸರಾದ ಮಂಗಳವಾರದ ಬೀದಿ ಅಷ್ಟು ಸುಮ್ಮನೆ ಕುಳಿತದ್ದನ್ನು ನೋಡಲು ಶುಕ್ರವಾರದ ಬೀದಿಯಿಂದ ಜನ ಬಂದಿದ್ದರು.

ನಾಲ್ಕು ವಾರ ಮುಗಿಯಿತು. ಕುಡಿದವರಿಗೂ ಕುಡಿಯದವರಿಗೂ ಒಂದು ನಿಮಿಷದ ವ್ಯತ್ಯಾಸವೂ ಇಲ್ಲ! ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಪುಸ್ತಕವನ್ನು ಎದೆಗವಚಿಕೊಂಡು ಬೀದಿಯಲ್ಲಿ ನಡೆಯುತ್ತಿದ್ದಾಗ ಟೈಲರ್ ಮುದ್ದುರಂಗಪ್ಪ ಜಗಲಿಯಿಂದ ಕರೆದ. ಅವನದು ಕಷಾಯದ ಮನೆ. ಪಕ್ಕದ ಗೋಡೆಯ ಖತೀಜಮ್ಮನದು ಇಲ್ಲದ ಮನೆ.

"ಏನವ್ವಾ, ಭಾರೀ ಗೆಲುವಾಗಿದೀಯ. ಒಂದು ಮಾತು. ಮುಂದಿನ ವಾರ ಕಷಾಯ ಸ್ವಲ್ಪ ಜಾಸ್ತಿ ಹುಯ್ಯಕ್ಕೆ ಹೇಳು. ಒಂದು ಚೊಂಬಲ್ಲಿ ಎರಡು ಮನೆಗೆ ಸಾಲಲ್ಲ."

"ಎರಡು ಮನೆಗೆ ಯಾಕೆ ಮುದ್ದುರಂಗಣ್ಣ?"

"ಯಾಕೆ ಅಂದ್ರೆ? ಅರ್ಧ ಕಿಂಡೀಲಿ ಖತೀಜಕ್ಕಂಗೆ ಕೊಡ್ಬೇಡ್ವಾ? ಕೊಡ್ದೆ ಕುಡುದ್ರೆ ಗಂಟಲಲ್ಲಿ ಇಳಿಯುತ್ತೇನವ್ವ?"

ಖತೀಜಮ್ಮ ಕಿಟಕಿಯಿಂದಲೇ, "ನೀನು ನಮ್ಮನೆಗೆ ಕೊಡಬಾರ್ದು ಅಂತ ಹೇಳಿದ್ಯಲ್ಲ, ಅದಕ್ಕೇ ನಾವು ಕಟ್ಟೆ ಹತ್ರ ಹೋಗ್ಲಿಲ್ಲ ಕಣಮ್ಮ. ಮಾತಿಗೆ ತಪ್ಪಿಲ್ಲ" ಎಂದಳು.

ಒಂದೊಂದೇ ಮನೆ ಹೊಕ್ಕು ಕೇಳಿದೆ. ಎಲ್ಲ ಗೋಡೆಯಲ್ಲೂ ಅದೇ ಕಥೆ. ಒಂದು ಮನೆ ಬಿಟ್ಟು ಒಂದು ಮನೆ ಎಂದು ನಾನು ಹಂಚಿದ್ದನ್ನು ಬೀದಿ ಅಷ್ಟೇ ಶ್ರದ್ಧೆಯಿಂದ ಮತ್ತೆ ಸಮ ಮಾಡಿತ್ತು. ನನ್ನ ಲೆಕ್ಕದಲ್ಲಿ ಕುಡಿಯದವರೇ ಇರಲಿಲ್ಲ, ಎಲ್ಲರೂ ಅರ್ಧರ್ಧ ಕುಡಿದವರು. ಇನ್ನೂ ನಾಚಿಕೆಯ ಮಾತೆಂದರೆ, ಆ ನಾಲ್ಕು ವಾರವೂ ನಾನು ಮನೆಯಿಂದ ಹೊರಡುವ ಮೊದಲು ನಮ್ಮ ಸಾರಿನಲ್ಲಿ ಒಂದು ಬಟ್ಟಲನ್ನು ಕಿಂಡಿಯಲ್ಲಿಟ್ಟೇ ಹೊರಡುತ್ತಿದ್ದೆ. ಕೈ ಇಟ್ಟಿತ್ತು, ತಲೆ ನೋಡಿರಲಿಲ್ಲ.

ಎರಡು ದಿನ ಇದನ್ನು ಯಾರಿಗೂ ಹೇಳಲಿಲ್ಲ. ಹೇಳದಿದ್ದರೆ ಏನಾಗುತ್ತಿತ್ತು? ಪುಸ್ತಕದಲ್ಲಿ ನನಗೆ ಬೇಕಾದ ಉತ್ತರವೇ ಇತ್ತು. ಮುದ್ದುರಂಗಪ್ಪನಿಗೆ ತಾನು ಹೇಳಿದ್ದರ ಅರ್ಥ ಗೊತ್ತಿರಲಿಲ್ಲ. ಬುಧವಾರ ಜ್ವರದಲ್ಲಿ ಮಲಗಿದ್ದಾಗ ಅತ್ತೆ ತನ್ನ ಜ್ವರದಲ್ಲೇ ಕಷಾಯ ತಂದು ಹಣೆ ಮುಟ್ಟಿ, "ಲೆಕ್ಕ ಎಲ್ಲಿಗೆ ಬಂತೆ?" ಎಂದಳು. ಅವಳು ಸುಮ್ಮನೆ ಕೇಳಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಎದ್ದು ಕೂತು, "ಯಾಕೆ, ಯಾರೇನು ಹೇಳಿದ್ರು?" ಎಂದೆ. ಅತ್ತೆ ಲೋಟ ಕೈಗಿಟ್ಟು ಹೋದಳು. ನಾನು ಲೋಟ ಬರಿದು ಮಾಡಿ ಗೋಡೆಯ ಕಡೆ ಹೊರಳಿ ಮಲಗಿದೆ.

ಮಾರನೆಯ ದಿನ ಗುರುವಾರ. ಡಾಕ್ಟರ ಮನೆಗೆ ಹೋದೆ. ಅವರು ಎರಡು ರಗ್ಗು ಹೊದ್ದು ಮಲಗಿದ್ದರು. ಮಂಚದ ಪಕ್ಕ ಕುಳಿತು ಎಲ್ಲವನ್ನೂ ಹೇಳಿದೆ, ಎರಡು ದಿನ ಮುಚ್ಚಿಟ್ಟಿದ್ದನ್ನೂ ಹೇಳಿದೆ. ರಗ್ಗು ಅಲುಗಾಡತೊಡಗಿತು. ಚಳಿ ಜಾಸ್ತಿಯಾಯಿತೆಂದು ಮೂರನೆಯದನ್ನು ಹೊದಿಸಲು ಹೋದರೆ, ನಗುತ್ತಿದ್ದಾರೆ!

"ಅಯ್ಯೋ ದೇವರೇ, ಅರ್ಧ ಚೊಂಬು ಕಿಂಡಿಯಲ್ಲಿ!" ಎಂದು ಕಣ್ಣೊರೆಸಿಕೊಂಡರು. ಆಮೇಲೆ ನಗು ನಿಂತಿತು. "ಆದರೆ ಒಂದು ಮಾತು ಗಂಗೂ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂತ ನಿಮ್ಮ ಕಡೆ ಹೇಳ್ತಾರಲ್ಲ? ನಿಂಗೆ ಬೇಕಾದ ಉತ್ತರವೇ ಸಿಕ್ಕಿದ ದಿನ ಎರಡು ಪಟ್ಟು ಹುಡುಕ್ಬೇಕು, ಎಲ್ಲಿ ತಪ್ಪಿದೆ ಅಂತ. ಬೇಡದ ಉತ್ತರ ಬಂದಿದ್ರೆ ನೀನೇ ಮನೆಮನೆ ಹೊಕ್ಕು ಕೇಳ್ತಿದ್ದೆ, ಅಲ್ವಾ?"

ಹೌದು. ಕೇಳುತ್ತಿದ್ದೆ.

"ಇನ್ನು ಮುಂದೆ ಗೋಡೆಪಾಲು ಕೊಡಬೇಡಿ ಅಂತ ಕಟ್ಟುನಿಟ್ಟು ಮಾಡ್ಲಾ?" ಎಂದೆ.

"ಮಾಡಿದ್ರೆ ಕೇಳ್ತಾರಾ? ನೀನೇ ಕೇಳುದಿಲ್ಲ. ಕೊಡ್ಲಿ. ನಿಮ್ಮ ಊರಲ್ಲಿ ಎರಡು ಮನೆ ಅಂದ್ರೆ ಒಂದೇ ಹೊಟ್ಟೆ. ಹಾಗಾದ್ರೆ ಮನೆ ಎಣಿಸ್ಬೇಡ, ಗೋಡೆ ಎಣಿಸು. ಒಂದು ಗೋಡೆಗೆ ಎರಡೂ ಕಡೆ ಒಂದೇ."

ಆ ಜ್ವರದಲ್ಲೇ ಅವರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಮಂಗಳವಾರದ ಬೀದಿಯಲ್ಲಿ ಹನ್ನೆರಡು ಗೋಡೆ, ಶುಕ್ರವಾರದ ಬೀದಿಯಲ್ಲಿ ಹನ್ನೆರಡು. ಯಾವ ಗೋಡೆಗೆ ಏನು ಎಂಬುದನ್ನು ನಾನೂ ಹೇಳಬಾರದು, ಅವರೂ ಹೇಳಬಾರದು, ಚೌಕಾಬಾರ ಆಡುವ ಹುಣಸೆ ಬೀಜ ಹೇಳಬೇಕು. ಬಿಳಿ ಬಿದ್ದರೆ ಕೆಂಪು ದಾರದ ಪಾತ್ರೆ, ಕರಿ ಬಿದ್ದರೆ ಹಸಿರು ದಾರದ ಪಾತ್ರೆ. ಒಂದರಲ್ಲಿ ನಿಜವಾದ ಕಷಾಯ, ಇನ್ನೊಂದರಲ್ಲಿ ಕಣ್ಣಿಗೆ ಅದರಂತೆಯೇ ಕಾಣುವ ಬೇರೇನೋ. ಯಾವುದು ಯಾವುದೆಂದು ಕಾಯಿಸುವ ಅತ್ತೆಗೆ ಮಾತ್ರ ಗೊತ್ತಿರಬೇಕು. ಜನರಿಗೆ ಇದನ್ನೆಲ್ಲ ಮೊದಲೇ ಬಿಚ್ಚಿ ಹೇಳಬೇಕು. ಯಜಮಾನ ಹೂಂ ಅಂದರೆ ಸಾಲದು, ಕುಡಿಯುವವರನ್ನೇ ಕೇಳಬೇಕು. ಯಾರಿಗಾದರೂ ಜ್ವರ ನೂರಾ ಮೂರು ದಾಟಿದರೆ ಲೆಕ್ಕ ಪಕ್ಕಕ್ಕಿಟ್ಟು ಮಾತ್ರೆ ಕೊಡಬೇಕು.

ಕೊನೆಗೆ ಡಾಕ್ಟರು ನನ್ನ ಕಡೆ ಹೊರಳಿ, "ಈಗ ಕಷ್ಟದ್ದು. ಎಷ್ಟು ವ್ಯತ್ಯಾಸ ಬಂದ್ರೆ ನೀನು ಸೌಟು ಹಿಡೀತೀ? ಈಗಲೇ ಬರೆ. ಲೆಕ್ಕ ಮುಗಿದ ಮೇಲೆ ಬರೆದ್ರೆ ನೀನು ನಿಂಗೇ ಮೋಸ ಮಾಡ್ಕೊಳ್ತೀ" ಎಂದರು.

ಪೆನ್ನು ತೆಗೆದೆ. ಎರಡು ಗಂಟೆ ಎಂದು ಬರೆಯಲು ಕೈ ತುಡಿಯುತ್ತಿತ್ತು, ಹಾಗೆ ಬರೆದರೆ ನಾನು ಗೆದ್ದಂತೆಯೇ. ಮೈಕೈ ನೋವಿನಲ್ಲಿ ನರಳುವವರಿಗೆ ಅರ್ಧ ಗಂಟೆ ಬೇಗ ಬಿಟ್ಟರೂ ಅದು ದೊಡ್ಡದೇ ಎಂದು ನನಗೆ ಗೊತ್ತಿತ್ತು, ಪ್ರತಿ ಬುಧವಾರ ನಾನೇ ನರಳುವವಳಲ್ಲವೇ. 'ಅರ್ಧ ಗಂಟೆ ಅಥವಾ ಹೆಚ್ಚು ಬೇಗ ಬಿಟ್ಟರೆ ಸೌಟು ಹಿಡಿಯುತ್ತೇನೆ' ಎಂದು ಬರೆದು ಸಹಿ ಹಾಕಿದೆ. ಅತ್ತೆಗೂ ಓದಿ ಹೇಳಿ ಅವಳ ಸಹಿಯನ್ನೂ ಹಾಕಿಸಿದೆ. ಅವಳು ಒಂದೊಂದೇ ಅಕ್ಷರವನ್ನು ರಂಗೋಲಿ ಎಳೆದಂತೆ ನಿಧಾನವಾಗಿ ಬರೆದಳು.

ಹುರಿದ ರಾಗಿ, ಮೆಂತ್ಯ, ಬೆಲ್ಲ, ಒಂದು ಚೂರು ಶುಂಠಿ ಹಾಕಿ ಅತ್ತೆ ಎರಡನೆಯ ಪಾತ್ರೆಯನ್ನು ಕುದಿಸಿದಳು. "ನಲವತ್ತೇಳು ವರ್ಷಕ್ಕೆ ಮೊದಲ್ನೇ ಸಲ ಸುಳ್ಳು ಕಾಯಿಸ್ತಿದೀನಿ" ಎಂದು ಗೊಣಗಿದಳು. ಹಾಗೆಂದು ಸುಳ್ಳನ್ನೇನೂ ಕೆಟ್ಟದಾಗಿ ಕಾಯಿಸಲಿಲ್ಲ. ಎರಡೂ ಪಾತ್ರೆಯನ್ನು ಬಾಗಿಲು ಹಾಕಿಕೊಂಡು ನಮ್ಮ ಅಡಿಗೆಮನೆಯಲ್ಲೇ ತಯಾರು ಮಾಡಿ ದಾರ ಕಟ್ಟಿ ಹೊರಗಿಡುತ್ತಿದ್ದಳು. ಬಣ್ಣ ಒಂದೇ, ಹಬೆ ಒಂದೇ. ನಾನು ಮೂಗು ಒಡ್ಡಿ ನೋಡಿದರೆ ತಲೆಗೆ ಮೊಟಕುತ್ತಿದ್ದಳು.

ಮನೆಮನೆಗೆ ಹೋದಾಗ ಶುಕ್ರವಾರದ ಬೀದಿಯ ಒಬ್ಬ ಅಜ್ಜ ಒಪ್ಪಲಿಲ್ಲ. "ನಂಗೆ ನಂಜಮ್ಮನ ಕಷಾಯನೇ ಬೇಕು, ಅನುಮಾನದ ಕಷಾಯ ಬ್ಯಾಡ" ಎಂದ. ಸರಿ ಎಂದು ಅವನನ್ನೂ ಅವನ ಗೋಡೆಯವರನ್ನೂ ಬಿಟ್ಟೆವು. ಆ ಬೀದಿಯಲ್ಲಿ ಹನ್ನೊಂದು ಗೋಡೆ ಉಳಿಯಿತು. ಮುದ್ದುರಂಗಪ್ಪ ಖತೀಜಮ್ಮರ ಗೋಡೆಗೆ ಕರಿ ಬೀಜ ಬಿತ್ತು. ಹಸಿರು ದಾರ.

ಹನ್ನೆರಡು ವಾರ ಮಾಡಿದೆ. ನನ್ನ ಜೀವನದಲ್ಲಿ ಅಷ್ಟು ನಡೆದದ್ದೂ ಇಲ್ಲ, ಅಷ್ಟು ಸುಖವಾಗಿದ್ದದ್ದೂ ಇಲ್ಲ. ಮೊದಲ ಸಲ ಮಾಡುವಾಗ ಥರ್ಮಾಮೀಟರಿನ ಪಾದರಸ ಎರಡು ಗೆರೆಯ ನಡುವೆ ನಿಂತರೆ ಕಣ್ಣು ತಾನಾಗಿ ನನಗೆ ಬೇಕಾದ ಗೆರೆಯ ಕಡೆ ಜಾರುತ್ತಿತ್ತು. ಈಗ ಯಾವ ಕಡೆ ಆಸೆಪಡಬೇಕೆಂದೇ ಗೊತ್ತಿಲ್ಲ. ಕೆಂಪಿಗೋ, ಹಸಿರಿಗೋ? ಆಸೆ ಸುಸ್ತಾಗಿ ಕೂತುಬಿಟ್ಟಿತು. ಕಂಡದ್ದನ್ನು ಕಂಡಹಾಗೆ ಬರೆದೆ. ಹಾಗೆ ಬರೆಯುವುದರಲ್ಲಿ ಎಂಥ ನೆಮ್ಮದಿಯಿದೆ ಎನ್ನುವುದು ಮಾಡಿದವರಿಗೇ ಗೊತ್ತು.

ಏಳನೆಯ ವಾರದಲ್ಲಿ ಒಮ್ಮೆ ತಡೆಯಲಾರದೆ ಹೋದೆ. ಅರ್ಜಿಯ ಕೊನೆಯ ದಿನ ಹತ್ತಿರ ಬರುತ್ತಿತ್ತು. ಅತ್ತೆಯ ಕಾಲು ಒತ್ತುತ್ತಾ, "ಕೆಂಪು ದಾರದ್ದೇ ಬೇರಿಂದು, ಅಲ್ವಾ ಅತ್ತೆ?" ಎಂದೆ.

"ಒತ್ತೋದಿದ್ರೆ ಒತ್ತು, ಇಲ್ದಿದ್ರೆ ಎದ್ದು ಹೋಗು" ಎಂದಳು ಅತ್ತೆ. ಇನ್ನೊಂದು ಕಾಲನ್ನೂ ನನ್ನ ಮುಂದೆ ಚಾಚಿ, "ನಾನು ಹೇಳ್ಬಿಟ್ರೆ ನಿನ್ನ ಇಷ್ಟು ದಿನದ ನಡಿಗೆ ನೀರಲ್ಲಿ ಹೋಮ ಮಾಡ್ದಂಗೆ ಕಣೆ. ಬಾಯಿಗೆ ಬೀಗ ಹಾಕಿದೀನಿ" ಎಂದಳು. ನನ್ನ ಅತ್ತೆ ಅಧ್ಯಯನ, ಗಿಧ್ಯಯನ ಎಂದೆಲ್ಲ ಕೇಳಿದವಳಲ್ಲ. ಆದರೂ ಅದರ ನಿಯಮ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಬೇರಿನ ಹೆಸರನ್ನು ನಲವತ್ತೇಳು ವರ್ಷ ಬಾಯಲ್ಲಿಟ್ಟುಕೊಂಡವಳಿಗೆ ಹನ್ನೆರಡು ವಾರ ಯಾವ ಲೆಕ್ಕ.

ಲೆಕ್ಕ ತೆಗೆದದ್ದು ಒಂದು ಭಾನುವಾರ, ನಮ್ಮ ಮನೆಯ ನಡುಮನೆಯಲ್ಲಿ. ಡಾಕ್ಟರು ಕನ್ನಡಕ ಏರಿಸಿ ಎರಡು ಸಲ ಕೂಡಿದರು, ನಾನು ಒಂದು ಸಲ ಕೂಡಿದೆ. ಮುದ್ದುರಂಗಪ್ಪನೂ ಖತೀಜಮ್ಮನೂ ತಮ್ಮ ಬೀದಿಯ ಪರವಾಗಿ ಬಂದು ಬಾಗಿಲಲ್ಲಿ ಕುಳಿತಿದ್ದರು. ಯಾವ ಪಾತ್ರೆ ನಿಜದ್ದೆಂದು ನಿಮಗನ್ನಿಸುತ್ತದೆ ಎಂದು ಡಾಕ್ಟರು ಕೇಳಿದರೆ, "ನಮ್ದೇ, ಹಸಿರಿಂದು. ನಾಲಿಗೆಗೆ ಇಟ್ಟ ತಕ್ಷಣ ಗೊತ್ತಾಗಲ್ವಾ" ಎಂದ ಮುದ್ದುರಂಗಪ್ಪ. ಕೆಂಪು ದಾರದವರು ಕೆಂಪೇ ನಿಜವೆಂದು ಆಗಲೇ ಆಣೆ ಮಾಡಿದ್ದರು.

ಕೆಂಪು ದಾರದವರಿಗೆ ಜ್ವರ ಬಿಟ್ಟದ್ದು ಸರಾಸರಿ ಆರು ಗಂಟೆ ಹತ್ತೊಂಬತ್ತು ನಿಮಿಷಕ್ಕೆ. ಹಸಿರು ದಾರದವರಿಗೆ ಆರು ಗಂಟೆ ಹದಿನೈದು ನಿಮಿಷಕ್ಕೆ.

ನಾಲ್ಕು ನಿಮಿಷ. ಯಾವ ಪಾತ್ರೆಯಲ್ಲಿ ಏನಿತ್ತೆಂದು ಅತ್ತೆ ಬಾಯಿ ಬಿಡುವ ಮೊದಲೇ ಮುಗಿದುಹೋಗಿತ್ತು. ಡಾಕ್ಟರು ನಾನು ಬರೆದಿದ್ದ ಕಾಗದವನ್ನು ತೆಗೆದು ಮುಂದಿಟ್ಟರು. ಅರ್ಧ ಗಂಟೆ. ನನಗೆ ಕುಣಿಯುವಷ್ಟು ಖುಷಿಯಾಯಿತು, ಅತ್ತೆಯ ಮುಖ ನೋಡಿ ಅಷ್ಟೇ ಸಂಕಟವೂ ಆಯಿತು. ಒಬ್ಬಳ ಇಡೀ ಆಯುಸ್ಸನ್ನು ನಾನು ಕೂಡಿ ಕಳೆದು ನಾಲ್ಕು ನಿಮಿಷ ಮಾಡಿಟ್ಟಿದ್ದೆ.

"ಕೆಂಪಿಂದು ಬೇರು, ಹಸಿರಿಂದು ರಾಗಿ" ಎಂದಳು ಅತ್ತೆ. ಆಮೇಲೆ ಕೇಳಿದಳು: "ಎಷ್ಟು ಗೋಡೆ?"

"ಇಪ್ಪತ್ಮೂರು ಅತ್ತೆ."

"ಯಾರೂ ಕದ್ದು ಬೇರೆ ದಾರದ್ದು ಕುಡೀಲಿಲ್ಲ ತಾನೆ?"

"ಪ್ರತಿ ವಾರ ಕೇಳಿದೀನಿ. ಇಲ್ಲ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಾಳೆಂದು ನಾನು ಹತ್ತಿರ ಸರಿದೆ. ಅವಳು ಅಳುತ್ತಿರಲಿಲ್ಲ. "ಇಪ್ಪತ್ತು ವರ್ಷದ ಹಿಂದೆ ಒಂದ್ಸಲ ಸೌದೆ ಎಲ್ಲ ನೆಂದು ಒಲೆ ಹತ್ತಲೇ ಇಲ್ಲ ಕಣೆ. ಶನಿವಾರದ ಬೀದಿಗೆ ಕಷಾಯ ಹೋದಾಗ ಐದು ಗಂಟೆ ಆಗೋಗಿತ್ತು. ಆವತ್ತೂ ದೀಪ ಹಚ್ಚೋ ಹೊತ್ಗೇ ಬಿಡ್ತು. ಆವತ್ತಿಂದ ನಂಗೊಂದು ಅನುಮಾನ. ಯಾರಿಗೆ ಹೇಳ್ಲಿ? ಹೇಳಿದ್ರೆ ನಂಜಿ ಸೋಮಾರಿ ಆದ್ಲು ಅಂತಿದ್ರು. ಒಂದಿನ ಕಾಯಿಸ್ದೆ ನೋಡೋಣ ಅಂದ್ರೆ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಂತ ಎದೆ ನಡುಗ್ತಿತ್ತು. ಒಬ್ಬಳ ಕೈಲಿ ಆಗೋ ಕೆಲ್ಸ ಅಲ್ಲ ಅದು. ಎಣಿಸೋರು ಬೇಕಾಗಿತ್ತು" ಎಂದಳು.

ಡಾಕ್ಟರು ಎದ್ದು ಹೋಗಿ ಅವಳ ಎರಡೂ ಕೈ ಹಿಡಿದುಕೊಂಡರು. ಬಾಗಿಲಲ್ಲಿ ಮುದ್ದುರಂಗಪ್ಪ ಮಾತ್ರ ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದ. "ಅಲ್ಲ ನಂಜಕ್ಕ, ಹಂಗಾದ್ರೆ ನಾನು ಹನ್ನೆರಡು ವಾರ ಕುಡಿದಿದ್ದು ರಾಗಿ ನೀರಾ?"

"ಹೂಂ."

"ಏನಾದ್ರೂ ಅನ್ನು, ಚೆನ್ನಾಗಿತ್ತು. ಇನ್ಮುಂದೆ ಅದನ್ನೇ ಕೊಡು."

"ಕೊಡೋಕೆ ನಾನು ಊರಲ್ಲಿದ್ರೆ ತಾನೆ" ಎಂದಳು ಅತ್ತೆ. ಎಲ್ಲರೂ ಅವಳ ಕಡೆ ತಿರುಗಿದೆವು.

ಊರು ಇದನ್ನು ಹೇಗೆ ತೆಗೆದುಕೊಂಡೀತೋ ಎಂದು ನನಗೆ ಹೆದರಿಕೆಯಿತ್ತು. ಕಟ್ಟೆಯ ಮೇಲೆ ನಿಂತು ಎಲ್ಲ ಬೀದಿಯವರಿಗೂ ಹೇಳಿದೆ, ನನ್ನ ಮೊದಲ ಸಲದ ಪೆದ್ದುತನವನ್ನೂ ಬಿಡದೆ ಹೇಳಿದೆ. ಗೋಡೆಪಾಲಿನ ಜಾಗ ಬಂದಾಗ ಊರಿಗೆ ಊರೇ ನಕ್ಕಿತು. ಕೆಲವರು ನಂಬಲಿಲ್ಲ, ಒಪ್ಪದ ಅಜ್ಜ ಈಗಲೂ ಒಪ್ಪಿಲ್ಲ. ಜ್ವರದಲ್ಲಿ ಬಿಸಿಯಾಗಿ ಏನಾದರೂ ಗಂಟಲಿಗೆ ಬಿದ್ದರೆ ಹಿತವಪ್ಪ, ಅದನ್ನು ಯಾಕೆ ಬಿಡೋದು ಎಂದು ಖತೀಜಮ್ಮ ಎದ್ದು ಹೇಳಿದಳು. ಸರಿಯೇ. ಆದರೆ ಹಿತಕ್ಕೆ ಕಾಯಿಸುವುದಾದರೆ ಒಬ್ಬಳೇ ಜೀವನಪೂರ್ತಿ ಕಾಯಿಸಬೇಕಾಗಿಲ್ಲವಲ್ಲ. ಇವತ್ತು ಜ್ವರ ಬಂದ ಬೀದಿಗೆ ನಾಳೆ ಜ್ವರ ಬರುವ ಬೀದಿಯವರು ಕಾಯಿಸಿಕೊಡುವುದೆಂದು ತೀರ್ಮಾನವಾಯಿತು. ಮುದ್ದುರಂಗಪ್ಪ ಇದಕ್ಕೆ ಬೀದಿಪಾಲು ಎಂದು ಹೆಸರಿಟ್ಟ. ಸೌಟನ್ನು ಅತ್ತೆ ಬೂದಿ ಹಾಕಿ ತಿಕ್ಕಿ, ಕಟ್ಟೆಯ ಕಂಬದ ಮೊಳೆಗೆ ನೇತುಹಾಕಿದಳು. ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು.

ಸಂಕ್ರಾಂತಿ ಕಳೆದ ಸೋಮವಾರ ನಾನೂ ಅತ್ತೆಯೂ ಒಂದೇ ಬಸ್ಸು ಹತ್ತಿದೆವು. ನನ್ನ ಅರ್ಜಿಗೆ ಒಪ್ಪಿಗೆ ಬಂದಿತ್ತು. ಅರ್ಜಿಯಲ್ಲಿ ತಪ್ಪುಗಳಿಗೆಂದು ಬಿಟ್ಟಿದ್ದ ಜಾಗ ಸಾಲದೆ ನಾನು ಇನ್ನೊಂದು ಹಾಳೆ ಅಂಟಿಸಿದ್ದೆ. ಅತ್ತೆ ಹೊಳೆಯ ಸೇತುವೆ ದಾಟುವವರೆಗೂ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದಳು, ಒಲೆ ಆರಿಸಿದೆನೋ ಇಲ್ಲವೋ ಎಂದು ನೆನೆಸಿಕೊಳ್ಳುವವರ ಹಾಗೆ. ತಂಗಿಯ ಊರಿನಲ್ಲಿ ಇಳಿಯುವಾಗ, "ಗಂಗೂ, ನಾಡಿದ್ದು ಬುಧವಾರ ಕಣೆ" ಎಂದಳು. ಅಷ್ಟೇ ಹೇಳಿದಳು. ನಲವತ್ತೇಳು ವರ್ಷದಲ್ಲಿ ಒಂದು ಬುಧವಾರವೂ ಅವಳು ತನ್ನ ಕಷಾಯ ಕುಡಿಯದೆ ಇದ್ದವಳಲ್ಲ ಎನ್ನುವುದು ನನಗೆ ಬಸ್ಸು ಹೊರಟ ಮೇಲೆ ಹೊಳೆಯಿತು. ಬುಧವಾರದ ಬೀದಿಯವಳು, ಮೇಲಾಗಿ ಯಾವ ಪಾತ್ರೆಯಲ್ಲಿ ಏನೆಂದು ತಿಳಿದಿದ್ದವಳಾದ್ದರಿಂದ ಅವಳನ್ನು ಲೆಕ್ಕಕ್ಕೆ ಸೇರಿಸಿಕೊಂಡಿರಲಿಲ್ಲ. ಇಪ್ಪತ್ತಮೂರು ಗೋಡೆಯ ಜನ ಅವಳಿಗಾಗಿ ಕುಡಿದು, ಬಿಟ್ಟು, ನೋಡಿದ್ದರು. ಅವಳು ಮಾತ್ರ ನೋಡಿರಲಿಲ್ಲ.

ಹಾಸ್ಟೆಲಿಗೆ ಬಂದು ಎರಡನೆಯ ವಾರದಲ್ಲಿ ಒಂದು ಕಾರ್ಡು ಬಂತು. ರಂಗೋಲಿಯಂಥ ಅಕ್ಷರ.

'ಗಂಗೂಗೆ ಆಶೀರ್ವಾದ. ತಂಗಿ ಮನೆ ಬಾಗಿಲು ಪೂರ್ವಕ್ಕಿದೆ. ಬುಧವಾರ ಒಂಬತ್ತೂ ಕಾಲಿಗೆ ಜ್ವರ ಬಂತು. ಏನೂ ಕುಡೀಲಿಲ್ಲ. ತಂಗಿ ಬಲವಂತ ಮಾಡಿದಳು, ಆದರೂ ಕುಡೀಲಿಲ್ಲ. ನಾಲ್ಕು ಗಂಟೆಗೆ ಭಯ ಆಯಿತು. ಗಡಿಯಾರ ನೋಡುತ್ತಾ ಮಲಗಿದ್ದೆ.'

'ಆರೂ ಹದಿನೇಳಕ್ಕೆ ಬಿಟ್ಟಿತು. ಬರೆದುಕೋ.'

ಡಾಕ್ಟರು ಕಲಿಸಿದ ನಿಯಮದ ಪ್ರಕಾರ ಲೆಕ್ಕ ಮುಚ್ಚಿದ ಮೇಲೆ ಬಂದದ್ದನ್ನು ಸೇರಿಸುವಂತಿಲ್ಲ. ನಾನು ಸೇರಿಸಲಿಲ್ಲ. ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ, ಯಾವ ಗೋಡೆಗೂ ಯಾವ ದಾರಕ್ಕೂ ಸೇರದ ಹಾಗೆ, ಹೆಸರು ವಾರ ಹೊತ್ತು ಮೂರನ್ನೂ ಬರೆದುಕೊಂಡೆ.